ಒದ್ದೆಯ ಮೇಲೆ ಒದ್ದೆ

ಸಂಜೆ ಏಳು ಗಂಟೆಯ ಮೇಲೆ ನಮ್ಮ ಮನೆಯ ಬಾಗಿಲು ತಟ್ಟುವವರು ಎರಡು ಬಗೆಯವರು. ಸಂಘದ ವರ್ಗಣಿ ಕೇಳಲು ಬರುವವರದು ಒಂದು ಬಗೆ. ಆ ತಟ್ಟುವಿಕೆಯಲ್ಲಿ ಸ್ವಲ್ಪ ಸಂಕೋಚವಿರುತ್ತದೆ. ಕೆಳಗಿನ ಮಹಡಿಯ ಗೃಹಸ್ಥರದು ಇನ್ನೊಂದು ಬಗೆ. ಅದರಲ್ಲಿ ಸಂಕೋಚದ ಸುಳಿವೇ ಇಲ್ಲ. ಮೊದಲ ಸಲ ಬಂದಾಗ ಅವರು, "ನಿಮ್ಮಲ್ಲಿ ಗ್ಯಾಸು ಸೋರುತ್ತಿದೆ" ಎಂದು ನೆಟ್ಟಗೆ ಅಡಿಗೆಮನೆಗೇ ನುಗ್ಗಿ, ಸಿಲಿಂಡರಿನ ತಲೆಯ ಹತ್ತಿರ ಮೂಗಿಟ್ಟು ಪರೀಕ್ಷೆ ಮಾಡಿದರು. ಸೋರುತ್ತಿದ್ದುದು ಗ್ಯಾಸಲ್ಲ, ನಡುಮನೆಯಲ್ಲಿ ಬಾಯಿ ತೆರೆದುಕೊಂಡಿದ್ದ ಟರ್ಪೆಂಟೈನ್ ಡಬ್ಬಿ. ಅದರ ಪಕ್ಕದಲ್ಲಿ, ಕೂಲರಿನ ಹಳೆಯ ಕಬ್ಬಿಣದ ಸ್ಟ್ಯಾಂಡಿಗೆ ಒರಗಿಕೊಂಡು, ಒಂದು ಹಿಮಪರ್ವತ ನಿಂತಿತ್ತು. ಗೃಹಸ್ಥರು ಅದನ್ನು ಸ್ವಲ್ಪ ಹೊತ್ತು ನೋಡಿ, "ಗೋಡೆಗೆ ತೇವ ಬಂದಿದೆಯೇ?" ಎಂದು ಕೇಳಿದರು.

ಓದುಗರ ಮುಂದೆ ಒಪ್ಪಿಕೊಂಡುಬಿಡುವುದೇ ಲೇಸು. ನಾವು ಮೂವತ್ತು ದಾಟಿದ ಮೇಲೆ, ಸರ್ಕಾರಿ ಕಚೇರಿಯ ಗುಮಾಸ್ತಗಿರಿಯನ್ನೂ ಎರಡು ಕೋಣೆಯ ಸಂಸಾರವನ್ನೂ ಬೆನ್ನಿಗೆ ಕಟ್ಟಿಕೊಂಡು, ತೈಲವರ್ಣದ ಚಿತ್ರ ಬರೆಯಲು ಕಲಿಯುತ್ತಿದ್ದೇವೆ. ಕಲಿಸುವ ಗುರುಗಳು ತೀರಿಕೊಂಡದ್ದು 1995ನೆಯ ಇಸವಿ ಜುಲೈ 4ರಂದು. ಆಗ ನಾವು ಒಂದನೆಯ ತರಗತಿಯಲ್ಲಿ ಸ್ಲೇಟು ಒಡೆಯುತ್ತಿದ್ದೆವು.

ಚಿತ್ರ 'ಬರೆಯುವುದು' ಎಂದೆವಲ್ಲ, ಆ ಮಾತಿನಲ್ಲೇ ನಮಗೆ ಧೈರ್ಯ ಬಂದದ್ದು. ಇಲ್ಲಿಯ ಮರಾಠಿಗರು ಚಿತ್ರವನ್ನು 'ತೆಗೆಯುತ್ತಾರೆ', ಹಿಂದಿಯವರು 'ಮಾಡುತ್ತಾರೆ', ಕನ್ನಡಿಗರು ಮಾತ್ರ ಬರೆಯುತ್ತಾರೆ. ಹದಿನಾಲ್ಕು ವರ್ಷ ಕಚೇರಿಯಲ್ಲಿ ಬರೆದೇ ಅನ್ನ ತಿಂದಿರುವ ನಮಗೆ ಇದೂ ಒಂದು ಬರವಣಿಗೆ ತಾನೆ ಎನ್ನಿಸಿತು. ಅದು ತಪ್ಪು ತಿಳಿವಳಿಕೆ ಎಂಬುದು ಆಮೇಲೆ ಗೊತ್ತಾಯಿತು.

ಗುರುಗಳ ಹೆಸರು ಬಾಬ್ ರಾಸ್. ಅಮೆರಿಕದವರು. ಗುಂಗುರು ಕೂದಲಿನ ದೊಡ್ಡ ತಲೆ, ಗಡ್ಡ, ಮಗುವನ್ನು ಮಲಗಿಸುವವರ ಹಾಗೆ ಮೆತ್ತನೆಯ ಮಾತು. 1983ರ ಜನವರಿಯಿಂದ 1994ರ ಮೇ ತಿಂಗಳವರೆಗೆ ಅಲ್ಲಿಯ ಸಾರ್ವಜನಿಕ ಟೆಲಿವಿಷನ್ನಿನಲ್ಲಿ 'ಚಿತ್ರ ಬರೆಯುವ ಆನಂದ' ಎಂಬ ಅರ್ಥದ ಹೆಸರಿನ ಕಾರ್ಯಕ್ರಮ ನಡೆಸಿದರು. ಒಂದೊಂದು ವರಸೆಗೆ ಹದಿಮೂರು ಪಾಠದಂತೆ 31 ವರಸೆ. ಒಟ್ಟು 403 ಪಾಠ. ಗುಣಾಕಾರವನ್ನು ನಾವು ತಾಳೆ ನೋಡಿದ್ದೇವೆ, ಸರಿಯಾಗಿದೆ. ಒಂದೊಂದು ಪಾಠವೂ ಅರ್ಧ ಗಂಟೆಗೆ ಸ್ವಲ್ಪ ಕಡಿಮೆ. ಆ ಅರ್ಧ ಗಂಟೆಯಲ್ಲಿ ಬರಿಯ ಬಿಳಿಯ ಕ್ಯಾನ್ವಾಸಿನ ಮೇಲೆ ಆಕಾಶ, ಬೆಟ್ಟ, ಕೆರೆ, ಮರ, ಒಂದು ಗುಡಿಸಲು, ಎಲ್ಲ ಬಂದು ಕುಳಿತುಕೊಳ್ಳುತ್ತವೆ. 2020ರ ಲಾಕ್‌ಡೌನಿನಲ್ಲಿ, ಕಚೇರಿಗೆ ಹೋಗುವ ಹಾಗಿಲ್ಲ, ಮನೆಯಲ್ಲಿ ಕೂರುವ ಅಭ್ಯಾಸವಿಲ್ಲ ಎಂಬ ಸ್ಥಿತಿಯಲ್ಲಿ, ಯೂಟ್ಯೂಬಿನಲ್ಲಿ ಅವರು ನಮ್ಮ ಕಣ್ಣಿಗೆ ಬಿದ್ದರು. ನಾಲ್ಕು ಪಾಠ ನೋಡಿ ಮುಗಿಸುವಷ್ಟರಲ್ಲಿ ನಮ್ಮ ಮನೆಯವರು, ನಮ್ಮ ಮಗಳು, ಕೊನೆಗೆ ಅಮ್ಮ, ಎಲ್ಲರೂ ಸುತ್ತ ಬಂದು ಕುಳಿತಿದ್ದರು. ಅಮ್ಮನಿಗೆ ಇಂಗ್ಲಿಷ್ ಬಾರದು. "ಪಾಪ, ಎಷ್ಟು ಚೆನ್ನಾಗಿ ಮಾತಾಡುತ್ತಾನೆ" ಎಂದಳು.

ನಮಗೆ ಅವರ ಮೇಲೆ ಅಭಿಮಾನ ಹುಟ್ಟಲು ಇನ್ನೊಂದು ಕಾರಣವಿತ್ತು: ಅವರೂ ಸರ್ಕಾರಿ ನೌಕರರೇ. ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ಸೇವೆ, ಅದರಲ್ಲಿ ಬಹುಕಾಲ ಅಲಾಸ್ಕದ ಹಿಮದ ನಾಡಿನಲ್ಲಿ, 1981ರಲ್ಲಿ ನಿವೃತ್ತಿ. ಕೈಕೆಳಗಿನವರ ಮೇಲೆ ಕೂಗಾಡುವುದೇ ಅಲ್ಲಿ ಅವರ ಕೆಲಸವಾಗಿತ್ತಂತೆ. ಬಿಟ್ಟ ಮೇಲೆ ಇನ್ನು ಜನ್ಮದಲ್ಲಿ ಕೂಗುವುದಿಲ್ಲ ಎಂದು ನಿಶ್ಚಯಿಸಿದರಂತೆ. (ಇಂಥ ನಿಶ್ಚಯ ಮಾಡಬೇಕಾದವರು ನಮ್ಮ ಇಲಾಖೆಯಲ್ಲೂ ಇದ್ದಾರೆ, ನಿವೃತ್ತಿಗೆ ಇನ್ನೂ ಸಮಯವಿದೆ.) ಮೇಲಾಗಿ, ಪ್ರತಿಯೊಂದು ಚಿತ್ರವನ್ನೂ ಅವರು ಮೂರು ಪ್ರತಿಗಳಲ್ಲಿ ಬರೆಯುತ್ತಿದ್ದರು. ಮಾದರಿಗೆಂದು ಮುಂಚೆಯೇ ಒಂದು. ಕ್ಯಾಮರಾದ ಮುಂದೆ ಒಂದು. ಆಮೇಲೆ ಪುಸ್ತಕಕ್ಕೆಂದು ಸಾವಕಾಶವಾಗಿ ಒಂದು. ಯಾವ ಕಾಗದವನ್ನೂ ಮೂರು ಪ್ರತಿಯಿಲ್ಲದೆ ಮುಂದಕ್ಕೆ ಕಳುಹಿಸದ ನಮಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಏನು ಬೇಕು?

ಅವರಿಗೂ ಗುರು ಸಿಕ್ಕಿದ್ದು ಟೆಲಿವಿಷನ್ನಿನಲ್ಲೇ. ಸೈನ್ಯದಲ್ಲಿದ್ದಾಗ ಬಿಡುವಿನ ವೇಳೆ ಒಂದು ಪಾನಗೃಹದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿಯ ಟೆಲಿವಿಷನ್ನಿನಲ್ಲಿ ಬಿಲ್ ಅಲೆಗ್ಸಾಂಡರ್ ಎಂಬ ಜರ್ಮನ್ ಮೂಲದ ಚಿತ್ರಕಾರ ಇದೇ ರೀತಿ ಕಲಿಸುತ್ತಿದ್ದುದನ್ನು ನೋಡಿ ಹಿಡಿದದ್ದು ಈ ವಿದ್ಯೆ. ಏಕಲವ್ಯನ ಕಥೆ ನೆನಪಾಗುವುದು ಸಹಜ. ಆದರೆ ಇಲ್ಲಿ ಒಂದು ವ್ಯತ್ಯಾಸ. ರಾಸ್ ಅವರ ಎಡಗೈಯ ತೋರುಬೆರಳಿನ ತುದಿ ಚಿಕ್ಕಂದಿನಲ್ಲಿ ತಂದೆಯ ಜೊತೆ ಬಡಗಿ ಕೆಲಸ ಮಾಡುವಾಗ ಹೋಗಿತ್ತು. ಬಣ್ಣದ ಹಲಗೆ ಹಿಡಿಯುವ ಕೈಯಾದ್ದರಿಂದ ನೋಡುವವರಿಗೆ ಅಷ್ಟಾಗಿ ಕಾಣುವುದಿಲ್ಲ. ಬೆರಳು ಕೊಟ್ಟವನು ಇಲ್ಲಿ ಶಿಷ್ಯನಲ್ಲ.

ಈಗ ವಿದ್ಯೆಯ ವಿಷಯ. ಎಣ್ಣೆಬಣ್ಣದ ಹಳೆಯ ಕ್ರಮದಲ್ಲಿ ಒಂದು ಪದರ ಹಚ್ಚಿ, ಅದು ಒಣಗುವವರೆಗೆ ದಿನಗಟ್ಟಲೆ ಕಾದು, ಇನ್ನೊಂದು ಪದರ ಹಚ್ಚಬೇಕು. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ. ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ರಾಸ್ ಅವರದು ಒದ್ದೆಯ ಮೇಲೆ ಒದ್ದೆ. ಯೂರೋಪಿನ ಚಿತ್ರಕಾರರು ಹಿಂದಿನಿಂದ ಬಲ್ಲ ಪದ್ಧತಿಯೇ. ಮೊದಲು ಕ್ಯಾನ್ವಾಸಿಗೆಲ್ಲ ತೆಳುವಾದ ಬಿಳಿಯನ್ನು ಸವರಿ ಜಾರುವಂತೆ ಮಾಡುವುದು. ಅದರ ಮೇಲೆ ನೀಲಿ ಇಟ್ಟರೆ ಬಿಳಿಯೊಡನೆ ತಾನೇ ಕಲೆತು ಆಕಾಶವಾಗುತ್ತದೆ. ಇದಕ್ಕೆಲ್ಲ ಒಂದೇ ಸೂತ್ರ: ಗಟ್ಟಿ ಬಣ್ಣದ ಮೇಲೆ ತೆಳು ಬಣ್ಣ ಹಿಡಿಯುತ್ತದೆ, ತೆಳುವಿನ ಮೇಲೆ ಗಟ್ಟಿಯನ್ನು ಎಳೆದರೆ ಎರಡೂ ಕಲಸಿ ಕೆಸರು.

ನಾವು ಆರು ತಿಂಗಳು ಕೆಸರು ಬರೆದೆವು.

ಸಾಮಾನು ಕೂಡಿಸಿದ ಕಥೆಯೇ ಒಂದು ಪುರಾಣ. ನಮ್ಮ ಗಾಂಧಿಬಾಗಿನಲ್ಲಿ ಹೆಸರಿಗೆ ತಕ್ಕ ಬಾಗೂ ಒಂದಿದೆ, ಆದರೆ ನಾಗಪುರದವರಿಗೆ ಗಾಂಧಿಬಾಗೆಂದರೆ ಬಟ್ಟೆಯ ಸಗಟು ಪೇಟೆ. ತೀರಿಕೊಂಡ ನಮ್ಮ ತಂದೆ ಸಾಗರದ ಕಡೆಯಿಂದ ಬಂದು ಇಲ್ಲಿಯ ಒಂದು ಗದ್ದಿಯಲ್ಲಿ ಲೆಕ್ಕ ಬರೆದೇ ಜೀವನ ಸವೆಸಿದರು. ಇಷ್ಟು ಬಟ್ಟೆಯ ನಡುವೆ ಇದ್ದುಕೊಂಡು ಕ್ಯಾನ್ವಾಸನ್ನು ದುಡ್ಡು ಕೊಟ್ಟು ಅಂಗಡಿಯಿಂದ ತರುವುದುಂಟೇ ಎಂದು, ಎರಡು ಮೀಟರ್ ಮಂಜರಪಾಟು ಕೇಳಲು ಹೋದೆವು. ಅಂಗಡಿಯವರು ಎರಡು ಥಾನು ಎಂದು ತಿಳಿದು ಚಹಾ ತರಿಸಿದರು. ಎರಡು ಮೀಟರ್ ಎಂದು ತಿಳಿದ ಮೇಲೆ ಚಹಾ ಕುಡಿಯುವವರೆಗೂ ಸುಮ್ಮನಿದ್ದರು. ಅದು ಅವರ ದೊಡ್ಡತನ. ಕೊನೆಗೆ ತಂದೆಯವರ ಹೆಸರು ಹೇಳಿದ್ದಕ್ಕೆ ತುಂಡು ಕತ್ತರಿಸಿ ಪುಕ್ಕಟೆ ಕೊಟ್ಟರು.

ಬಟ್ಟೆಗೆ ಬಿಳಿಯ ತಳ ಕಟ್ಟುವುದನ್ನು ಕಲಿಸಿದ್ದು ಚಿತಾರ ಓಳಿ. ಸೆಂಟ್ರಲ್ ಅವೆನ್ಯೂವಿನಲ್ಲಿ ಈಗ ಆ ಹೆಸರಿನ ಮೆಟ್ರೋ ನಿಲ್ದಾಣವೇ ಇದೆ. ನಮ್ಮ ಮನೆಯಿಂದ ನಡೆದೇ ಹೋಗಬಹುದು. ಗಣಪತಿ, ದುರ್ಗೆಯರನ್ನು ಮಾಡುವ ಮೂರ್ತಿಕಾರರ ಓಣಿ ಅದು. ಮಣ್ಣಿನ ಗಣಪತಿಗೂ ಬಣ್ಣಕ್ಕೆ ಮುಂಚೆ ಬಿಳಿಯ ತಳ ಬೇಕು. ಅಲ್ಲಿಯ ಒಬ್ಬ ಮುದುಕರು, ಖಡುವಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಒಂದು ಕೈ ಉದ್ದಕ್ಕೆ, ಆರಿದ ಮೇಲೆ ಮರಳುಕಾಗದದಿಂದ ತಿಕ್ಕಿ, ಇನ್ನೊಂದು ಕೈ ಅಡ್ಡಕ್ಕೆ ಬಳಿಯಬೇಕೆಂದು ತೋರಿಸಿಕೊಟ್ಟರು. "ಯಾವ ದೇವರು ಬರೆಯುತ್ತೀರಿ?" ಎಂದು ಕೇಳಿದರು. ಬರಿಯ ಬೆಟ್ಟ ಎಂದೆವು. "ಬೆಟ್ಟಕ್ಕೆ ಯಾರು ದುಡ್ಡು ಕೊಡುತ್ತಾರೆ?" ಎಂದು ಅವರು ಮರುಗಿದರು.

ಎರಡಂಗುಲದ ಕುಂಚ ಕಬ್ಬಿಣದ ಸಾಮಾನಿನ ಅಂಗಡಿಯದು. ಬಾಗಿಲಿಗೆ ಬಣ್ಣ ಹೊಡೆಯುವಂಥದು. ಅದರ ಕೂದಲು ಉದುರಿ ನಮ್ಮ ಮೊದಲ ಮೋಡಕ್ಕೆ ಮೀಸೆ ಬಂತು. ರಾಸ್ ಅವರು ಕುಂಚವನ್ನು ಥಿನ್ನರಿನಲ್ಲಿ ತೊಳೆದು, ಈಸಲ್ಲಿನ ಕಾಲಿಗೆ ಪಟಪಟ ಬಡಿದು, ಮಕ್ಕಳ ಹಾಗೆ ನಗುತ್ತಾರೆ. ನೋಡಲು ಬಹಳ ಸೊಗಸು. ನಾವು ಅದನ್ನೇ ಬಾಲ್ಕನಿಯಲ್ಲಿ ಮಾಡಿದೆವು. ಕೆಳಗಿನ ಮಹಡಿಯ ತಂತಿಯ ಮೇಲೆ ಬಿಳಿಯ ಬೆಡ್‌ಶೀಟು ಒಣಗುತ್ತಿತ್ತು. ಪ್ರಷ್ಯನ್ ಬ್ಲೂ ಎಂಬ ಬಣ್ಣದ ಶಕ್ತಿ ನಮಗೆ ತಿಳಿದದ್ದು ಆ ದಿನ. ಕಡಲೆಕಾಳಿನಷ್ಟಿದ್ದರೆ ಊರನ್ನೇ ನೀಲಿ ಮಾಡಬಲ್ಲದು. ಬೆಡ್‌ಶೀಟಿನ ಬೆಲೆ ಕೊಟ್ಟೆವು.

ಎಲ್ಲಕ್ಕಿಂತ ಕಷ್ಟಕೊಟ್ಟದ್ದು ಹಿಮ. ಬಣ್ಣದ ಚಾಕುವಿನ ಅಂಚಿಗೆ ಬಿಳಿಯ ಒಂದು ಸಣ್ಣ ಸುರುಳಿಯನ್ನು ತೆಗೆದುಕೊಂಡು, ಬೆಟ್ಟದ ಮೇಲೆ ಒತ್ತದೆ, ತಾಕಿಯೂ ತಾಕದ ಹಾಗೆ ಎಳೆದರೆ, ಬಿಳಿ ಅಲ್ಲಲ್ಲಿ ಹರಿದು ಕಲ್ಲಿನ ಮೇಲಿನ ಹಿಮವಾಗುತ್ತದೆ. ನಮ್ಮ ಬಿಳಿ ಹರಿಯುತ್ತಲೇ ಇರಲಿಲ್ಲ. ಮಸಾಲೆದೋಸೆಗೆ ಬೆಣ್ಣೆ ಸವರಿದಂತೆ ಸಲೀಸಾಗಿ ಹರಡಿಕೊಳ್ಳುತ್ತಿತ್ತು. ದೋಷ ಕೈಯದೆಂದು ನಾಲ್ಕು ತಿಂಗಳು ಕೈಯನ್ನೇ ಬೈದುಕೊಂಡೆವು. ಆಮೇಲೆ ತಿಳಿಯಿತು: ಈ ಪದ್ಧತಿಗೆ ಬಣ್ಣ ಗಟ್ಟಿಯಾಗಿರಬೇಕು; ವಿದ್ಯಾರ್ಥಿಗಳಿಗೆಂದು ಮಾರುವ ಕೊಳವೆಯ ಬಣ್ಣದಲ್ಲಿ ಎಣ್ಣೆ ಹೆಚ್ಚು. ಅದನ್ನು ಹಿಂದಿನ ರಾತ್ರಿಯೇ ಕಂದು ಕಾಗದದ ಮೇಲೆ ಹಿಂಡಿಟ್ಟರೆ ಕಾಗದ ಎಣ್ಣೆ ಕುಡಿದು ಬೆಳಗ್ಗೆಗೆ ಬಣ್ಣ ಬಿಗಿಯಾಗಿರುತ್ತದೆ. ಹಳೆಯ ಫೈಲಿನ ಹೊದಿಕೆಗಳು ಇದಕ್ಕೆ ಬಹಳ ಒಳ್ಳೆಯವು. ಅವು ಎಲ್ಲಿಂದ ಬಂದವೆಂದು ಯಾರೂ ಕೇಳಬಾರದು.

ಹೀಗೆ ಹಿಮ ಹರಿಯಿತು. ಗೋಡೆಯ ಮೇಲೆ ಒಂದರ ಪಕ್ಕದಲ್ಲಿ ಒಂದು ಏಳು ಬೆಟ್ಟಗಳು ಬಂದವು. ಕಚೇರಿಯ ಸ್ನೇಹಿತರೊಬ್ಬರು ಬಂದು ನೋಡಿ, "ಅರ್ಧ ಗಂಟೆಯಲ್ಲಿ ಆಗುವುದು ಕಲೆಯಲ್ಲ, ಕೈಚಳಕ" ಎಂದರು. 2023ರಲ್ಲಿ ತೀರಿಕೊಂಡ ನಮ್ಮ ಬಿ. ಕೆ. ಎಸ್. ವರ್ಮ ಅವರು ವೇದಿಕೆಯ ಮೇಲೆ ಹಾಡೂ ಪದ್ಯವೂ ಸಾಗುತ್ತಿರುವಾಗಲೇ ಚಿತ್ರ ಬರೆದು ನಿಲ್ಲಿಸುತ್ತಿದ್ದರಲ್ಲ, ಅದೇನು ಎಂದೆವು. ಸ್ನೇಹಿತರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಎತ್ತಿ, ರವಿವರ್ಮನ ತೈಲಚಿತ್ರವೆಂದರೆ ಅದು ಎಂದರು. ಅದು ಬರೆದದ್ದು ರವಿವರ್ಮನಲ್ಲ, ಎಸ್. ಎಲ್. ಹಳದಣಕರ್, ಮೇಲಾಗಿ ಅದು ತೈಲಚಿತ್ರವೇ ಅಲ್ಲ, ನೀರುಬಣ್ಣದ್ದು. ಹೇಳಿದೆವು. ಸ್ನೇಹಿತರು ಕಾಫಿ ಅರ್ಧಕ್ಕೇ ಬಿಟ್ಟು ಹೊರಟರು.

ಆದರೆ ನಮ್ಮ ಬಾಯಿ ಕಟ್ಟುವ ಪ್ರಶ್ನೆ ಬಂದದ್ದು ಅವರಿಂದಲ್ಲ, ಅಮ್ಮನಿಂದ. ಏಳನೆಯ ಬೆಟ್ಟವನ್ನು ಮೊಳೆಗೆ ತಗುಲಿಸುತ್ತಿದ್ದಾಗ ಅಮ್ಮ ಕೇಳಿದಳು: "ಇದೆಲ್ಲ ಯಾರ ಊರು?"

ಯಾರದೂ ಅಲ್ಲ ಎಂದೆವು. ಗುರುಗಳು ಹೇಳುವುದೂ ಅದನ್ನೇ: ಕ್ಯಾನ್ವಾಸು ನಿಮ್ಮ ಲೋಕ, ನಿಮಗೆ ಬೇಕಾದಲ್ಲಿ ಬೆಟ್ಟವಿಡಿ, ಬೇಡವಾದರೆ ತೆಗೆಯಿರಿ. "ಯಾರೂ ಇಲ್ಲದ ಊರಿಗೆ ಇಷ್ಟು ಬಣ್ಣ ಯಾಕೆ?" ಎಂದು ಅಮ್ಮ ಒಳಗೆ ಹೋದಳು.

ಅಮ್ಮನ ತವರು ಶರಾವತಿಯ ದಂಡೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಅವಳಿಗೆ ಒಂಬತ್ತು ವರ್ಷ. ಮನೆ, ತೋಟ, ಕೊಟ್ಟಿಗೆ, ದೇವರ ಕಟ್ಟೆ, ಎಲ್ಲ ಒಳಗೆ ಹೋಯಿತು. ಬೇಸಿಗೆಯಲ್ಲಿ ನೀರಿಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುವುದನ್ನು ಜನ ಹೋಗಿ ನೋಡಿ ಬರುತ್ತಾರೆ, ಅದಕ್ಕೆ ಫೋಟೋಗಳಿವೆ. ಅಮ್ಮನ ಊರಿಗೆ ಒಂದೂ ಇಲ್ಲ. ಆ ಕಾಲದಲ್ಲಿ ಆ ಕಡೆ ಕ್ಯಾಮರಾ ಇಟ್ಟುಕೊಂಡವರು ಯಾರು? ಅಜ್ಜಿ ಅಜ್ಜಂದಿರು ಹೋದರು. ಈಗ ಅದನ್ನು ಕಂಡಿದ್ದವರೆಂದರೆ, ನಮ್ಮ ಪಾಲಿಗೆ, ಅಮ್ಮ ಒಬ್ಬಳು, ಶಿವಮೊಗ್ಗದ ಹತ್ತಿರ ಇರುವ ನಮ್ಮ ದೊಡ್ಡಮ್ಮ ಒಬ್ಬಳು.

ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು: 2025ರ ಜುಲೈ 14ರಂದು ಸಿಗಂದೂರಿನ ಹತ್ತಿರ ಹಿನ್ನೀರಿನ ಮೇಲೆ ಕಟ್ಟಿದ ಎರಡು ಕಿಲೋಮೀಟರಿಗೂ ಮಿಕ್ಕ ತೂಗುಸೇತುವೆಯ ಉದ್ಘಾಟನೆಯಾಯಿತು. ಉದ್ಘಾಟಿಸಿದವರು ನಮ್ಮ ನಾಗಪುರದವರೇ ಆದ ಕೇಂದ್ರ ಸಚಿವ ಗಡ್ಕರಿಯವರು. ಹಾಗಾಗಿ ಇಲ್ಲಿಯ ಮರಾಠಿ ವಾಹಿನಿಯಲ್ಲೂ ತೋರಿಸಿದರು. ಅಮ್ಮ ಟೆಲಿವಿಷನ್ನಿನ ಹತ್ತಿರ ಹೋಗಿ ನಿಂತು, ಪರದೆಯ ಮೇಲಿನ ನೀರನ್ನೇ ನೋಡುತ್ತ, "ಇದರ ಕೆಳಗೆ, ಇಲ್ಲಿ" ಎಂದು ಬೆರಳಿಟ್ಟಳು. ಚಿತ್ರ ಬದಲಾಗಿ ಜಾಹೀರಾತು ಬಂತು. ಬೆರಳು ಸಾಬೂನಿನ ಮೇಲೆ ಇತ್ತು.

ಎರಡು ವರ್ಷದಿಂದ ಅಮ್ಮನಿಗೆ ಹೆಸರುಗಳು ತಪ್ಪುತ್ತಿವೆ. ಮೊಮ್ಮಗಳನ್ನು ದೊಡ್ಡಮ್ಮನ ಹೆಸರಿನಿಂದ ಕರೆಯುತ್ತಾಳೆ. ಹಾಲಿಗೆ ದುಡ್ಡು ಕೊಟ್ಟದ್ದು ಮರೆತು ಮತ್ತೆ ಕೊಡುತ್ತಾಳೆ. ವೈದ್ಯರು ಒಂದು ಗುಳಿಗೆ ಬರೆದುಕೊಟ್ಟು, ಹಳೆಯ ಮಾತುಗಳನ್ನು ಆಡಿಸುತ್ತಿರಿ ಎಂದಿದ್ದಾರೆ. ಇದನ್ನು ಹೆಚ್ಚು ಬೆಳೆಸುವುದಿಲ್ಲ. ಆ ರಾತ್ರಿ ನಾವು ಬಿಳಿ, ಹಸಿರು, ಕಂದು ಬಣ್ಣಗಳನ್ನು ಫೈಲಿನ ಹೊದಿಕೆಯ ಮೇಲೆ ಹಿಂಡಿಟ್ಟು ಮಲಗಿದೆವು.

ಭಾನುವಾರ ಬೆಳಗ್ಗೆ ಅಮ್ಮನನ್ನು ಕೂಲರ್ ಸ್ಟ್ಯಾಂಡಿನ ಎದುರಿಗೆ ಕುರ್ಚಿ ಹಾಕಿ ಕೂರಿಸಿದೆವು. ಬಿಳಿ ಸವರಿದೆವು. ಆಕಾಶ ಆಯಿತು. ಅಲ್ಲಿಂದ ಮುಂದೆ ಗುರುಗಳ ನೆರವು ನಿಂತಿತು. 2014ರಲ್ಲಿ ಅಮೆರಿಕದ ಒಂದು ಸುದ್ದಿಸಂಸ್ಥೆ ರಾಸ್ ಅವರೇ ಕಾರ್ಯಕ್ರಮದಲ್ಲಿ ಬರೆದ 381 ಚಿತ್ರಗಳನ್ನು ಒಂದೊಂದಾಗಿ ಎಣಿಸಿ ಪಟ್ಟಿ ಮಾಡಿತು (ಇಂಥ ಕೆಲಸಕ್ಕೆ ಸಂಬಳ ಕೊಡುವ ಕಚೇರಿಯೂ ಜಗತ್ತಿನಲ್ಲಿದೆ!), ನೂರಕ್ಕೆ 91ರಲ್ಲಿ ಮರವಿದೆ. ಆದರೆ ಆ ಮರಗಳಲ್ಲಿ ಅಡಿಕೆಮರ ಒಂದೂ ಇಲ್ಲ. ಬೀಸಣಿಗೆಯಂಥ ಕುಂಚವನ್ನು ಅಡ್ಡಡ್ಡ ಒತ್ತುತ್ತ ಬಂದರೆ ಅವರ ಸೂಚಿಪರ್ಣದ ಮರ ತಲೆಯಿಂದ ಬುಡದವರೆಗೆ ನಿಲುವಂಗಿ ತೊಟ್ಟು ನಿಲ್ಲುತ್ತದೆ. ನಮ್ಮ ಅಡಿಕೆಮರವೋ, ಬರಿಮೈಗೆ ರುಮಾಲೊಂದನ್ನು ಸುತ್ತಿಕೊಂಡ ಆಸಾಮಿ. ನಾವು ಅಭ್ಯಾಸಬಲದಿಂದ ಬರೆದ ಮೊದಲನೆಯದನ್ನು ನೋಡಿ ಅಮ್ಮ, "ಇದು ಕ್ರಿಸ್ಮಸ್ಸಿನದು" ಎಂದಳು.

ಕೆರೆದು ತೆಗೆದೆವು. ಇದೇ ಈ ಪದ್ಧತಿಯ ಭಾಗ್ಯ. ಒದ್ದೆ ಇರುವವರೆಗೆ ಏನನ್ನೂ ತೆಗೆಯಬಹುದು. ಚಾಕುವಿನ ನೆಟ್ಟನೆಯ ಅಂಚನ್ನು ಬಿಳಿ ಬೆರೆಸಿದ ಕಂದಿನಲ್ಲಿ ಅದ್ದಿ ಕ್ಯಾನ್ವಾಸಿಗೆ ನಿಲುವಾಗಿ ಒತ್ತಿದರೆ ಒಂದೇ ಸಲಕ್ಕೆ ಬಳ್ಳಿಯಂಥ ಕಾಂಡ. ತಲೆಗೆ ಸಣ್ಣ ಕುಂಚದಲ್ಲಿ ಶಾಯಿಯಷ್ಟು ತೆಳು ಮಾಡಿದ ಹಸಿರು. ಹತ್ತು ಮರವಾಗುವಷ್ಟರಲ್ಲಿ ಅಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. ಇಪ್ಪತ್ತಾಗುವಷ್ಟರಲ್ಲಿ, "ಇಷ್ಟು ಒತ್ತಾಗಿ ಹಾಕಿದರೆ ನಡುವೆ ಓಡಾಡುವುದು ಹೇಗೆ?" ಎಂದಳು.

ಆಮೇಲೆ ಮಾತು ನಿಲ್ಲಲಿಲ್ಲ. ಬೆಟ್ಟ ಅಷ್ಟು ಎತ್ತರವಿರಲಿಲ್ಲ, ತಗ್ಗಿಸು. ಅದು ಕಲ್ಲಿನ ಬೆಟ್ಟವಲ್ಲ, ಹುಲ್ಲಿನ ಬ್ಯಾಣ. ಮಳೆಗಾಲದಲ್ಲಿ ಹಸಿರು, ಶಿವರಾತ್ರಿಗೆ ಹಳದಿ. ಮಳೆಗಾಲದ್ದೋ ಶಿವರಾತ್ರಿಯದೋ ಎಂದು ಕೇಳಿದೆವು. ಸ್ವಲ್ಪ ಯೋಚಿಸಿ, "ಸುಗ್ಗಿಯದು" ಎಂದಳು. ಅಬ್ಬಿಯ ನೀರು ದಬ್ಬೆಯಲ್ಲಿ ಹರಿದು ಬಚ್ಚಲಿಗೇ ಬರುತ್ತಿತ್ತು, ದಬ್ಬೆ ಎಲ್ಲಿ? ನಮ್ಮ ಮಗಳು ದಬ್ಬೆ ಎಂದರೇನು ಎಂದಳು. ಅಡಿಕೆಮರವನ್ನು ಸೀಳಿ ಮಾಡಿದ ಕಾಲುವೆ ಎಂದು ಅಮ್ಮ ಎರಡು ಅಂಗೈಗಳನ್ನು ದೋಣಿ ಮಾಡಿ ತೋರಿಸಿದಳು. ಹಳ್ಳ ದಾಟಲು ಸಂಕ ಇತ್ತು. ಸಂಕ ಎಂದರೆ? ಇದಕ್ಕೆ ನಾವೇ ಉತ್ತರ ಕೊಟ್ಟೆವು: ನಿಮ್ಮ ಮರಾಠಿ ಪುಸ್ತಕದಲ್ಲಿ ಬರುವ 'ಸಾಕವ' ಇದೆಯಲ್ಲ, ಅದೇ, ಕಾಲುಸೇತುವೆ. ಹುಡುಗಿ ಇಲ್ಲಿಯೇ ಹುಟ್ಟಿ ಬೆಳೆದದ್ದು. ಅವಳಿಗೆ ಆವರೆಗೆ ಅಜ್ಜಿಯ ಊರೆಂದರೆ ಒಂದು ನಿಟ್ಟುಸಿರಾಗಿತ್ತು.

ಬೆಟ್ಟವನ್ನು ತಗ್ಗಿಸಿ ಹಳದಿ ಮಾಡುತ್ತಿದ್ದಾಗ ನಮಗೆ ಗುರುಗಳ ವಿಷಯದಲ್ಲಿ ಒಂದು ಸಂಗತಿ ಹೊಳೆಯಿತು. ಅವರ ಕಾರ್ಯಕ್ರಮ, ಮೊದಲ ವರಸೆಯೊಂದನ್ನು ಬಿಟ್ಟರೆ, ಚಿತ್ರೀಕರಣವಾದದ್ದು ಇಂಡಿಯಾನಾದ ಮನ್ಸಿ ಎಂಬ ಊರಿನಲ್ಲಿ. ಅದು ಬಯಲುಸೀಮೆ, ಜೋಳದ ಹೊಲಗಳ ನಾಡು. ಅವರು ಹುಟ್ಟಿದ ಫ್ಲಾರಿಡಾದಲ್ಲೂ ಹಿಮದ ಬೆಟ್ಟವಿಲ್ಲ. ಹಾಗಾದರೆ ಹನ್ನೊಂದು ವರ್ಷ ಆ ಕಪ್ಪು ಪರದೆಯ ಮುಂದೆ ನಿಂತು ಅವರು ಬರೆದ ಬೆಟ್ಟಗಳು ಎಲ್ಲಿಯವು? ತಾವು ಬಿಟ್ಟುಬಂದ ಅಲಾಸ್ಕದವು. ಎದುರಿಗೆ ಫೋಟೋ ಇಲ್ಲ, ಕಿಟಕಿಯಿಲ್ಲ. ಯಾರ ಊರೂ ಅಲ್ಲವೆಂದು ನಾವು ಅಮ್ಮನಿಗೆ ಹೇಳಿದ್ದು ಸುಳ್ಳಾಯಿತು. ಆ ದಿನ ಅವಳಿಗೆ ಹಾಗೆಂದು ಹೇಳಿದೆವು. "ಮತ್ತೆ ಮನೆಗಳಲ್ಲಿ ಜನ ಯಾಕಿಲ್ಲ?" ಎಂದಳು. ನಿಜ, ಅವರ ಚಿತ್ರಗಳಲ್ಲಿ ಮನುಷ್ಯರು ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಕಚೇರಿಯಿಂದ ಬಂದಾಗ ಅಮ್ಮ ಚಿತ್ರದ ಮುಂದೆ ಕುಳಿತಿದ್ದಳು. "ಸಂಕ ಈ ಕಡೆ ಅಲ್ಲ. ಆ ಕಡೆ." ಹಿಂದಿನ ದಿನ ಅವಳೇ ಬಲಕ್ಕೆ ಹಾಕಿಸಿದ್ದು. ಸರಿ, ಚಾಕುವಿನಿಂದ ಎತ್ತಿ ಎಡಕ್ಕೆ ಹಾಕಿದೆವು. ಬುಧವಾರ ಮತ್ತೆ ಬಲಕ್ಕೆ. ಗುರುವಾರ ನಮ್ಮ ಮನೆಯವರು, ನ್ಯಾಯ ಬಗೆಹರಿಯಲಿ ಎಂದು, ದೊಡ್ಡಮ್ಮನಿಗೆ ಮೊಬೈಲಿನಲ್ಲಿ ವಿಡಿಯೋ ಕರೆ ಮಾಡಿ ಕ್ಯಾನ್ವಾಸಿನ ಮುಂದೆ ಹಿಡಿದರು. ದೊಡ್ಡಮ್ಮ ಅಮ್ಮನಿಗಿಂತ ಆರು ವರ್ಷಕ್ಕೆ ದೊಡ್ಡವಳು, ನೀರು ಬಂದಾಗ ಹದಿನೈದು ವರ್ಷ, ನೆನಪು ಗಟ್ಟಿ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆವು.

"ಹಲಸಿನ ಮರ ಮರೆತಿರಲ್ಲ" ಎಂದಳು.

"ಅದು ಅಂಗಳದ ಹಿಂದೆ, ಇಲ್ಲಿಂದ ಕಾಣುವುದಿಲ್ಲ" ಎಂದಳು ಅಮ್ಮ, ತಡವರಿಸದೆ.

"ಕಾಣದೆ ಏನು? ಸಂಕದ ಮೇಲೆ ನಿಂತರೆ ಮೊದಲು ಕಾಣುವುದೇ ಅದು."

"ಸಂಕ ಎಡಕ್ಕೋ ಬಲಕ್ಕೋ?" ಎಂದು ನಾವು ನಡುವೆ ಬಾಯಿ ಹಾಕಿದೆವು. ಇಬ್ಬರೂ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಮಾತು ನಡೆಯಿತು. ಹಲಸಿನ ಮರದಿಂದ ಹೊರಟು, ಅದರ ಕೆಳಗೆ ಕಟ್ಟುತ್ತಿದ್ದ ಗೌರಿ ಎಂಬ ಹಸುವಿಗೆ ಹೋಗಿ, ಸಾಮಾನು ಹೇರಿದ ಗಾಡಿ ಹೊರಟಾಗ ಗೌರಿ ಏರಲು ಒಪ್ಪದೆ ಹಿಂದಕ್ಕೆ ಓಡಿದ್ದಕ್ಕೆ ಬಂದು, ಅಲ್ಲಿ ಇಬ್ಬರೂ ಸುಮ್ಮನಾದರು. ಆ ಒಂದು ಗಂಟೆಯಲ್ಲಿ ಅಮ್ಮ ಒಂದು ಹೆಸರನ್ನೂ ತಪ್ಪಲಿಲ್ಲ.

ಆದರೆ ಸಂಕದ ತೀರ್ಪಾಗಲಿಲ್ಲ. ದೊಡ್ಡಮ್ಮನ ಪ್ರಕಾರ ಎಡ. ಅಮ್ಮ ಈಗ ಬಲವೆಂದು ಪಟ್ಟು ಹಿಡಿದಿದ್ದಾಳೆ. ಇತ್ತ ಬಣ್ಣ ಆರಲು ಶುರುವಾಯಿತು. ಆರಿದರೆ ಏನೂ ಕದಲಿಸುವ ಹಾಗಿಲ್ಲ. ಮೇಲೆ ಹಚ್ಚಬಹುದು, ಆದರೆ ಅಡಿಯಿಂದ ಎತ್ತಲಾಗದು. ಹಳೆಯ ಚಿತ್ರಕಾರರು ಇದಕ್ಕೆ ಒಂದು ಉಪಾಯ ಬಲ್ಲರು: ಬಣ್ಣಕ್ಕೆ ಒಂದೆರಡು ಹನಿ ಲವಂಗದ ಎಣ್ಣೆ ಬೆರೆಸಿದರೆ ಆರುವುದು ನಿಧಾನವಾಗುತ್ತದೆ. ಹಳ್ಳದ ಭಾಗವನ್ನೆಲ್ಲ ಕೆರೆದು ತೆಗೆದು, ಲವಂಗದೆಣ್ಣೆ ಬೆರೆಸಿದ ಬಣ್ಣದಲ್ಲಿ ಮತ್ತೆ ಬರೆದೆವು. ಕೆಳಗಿನ ಗೃಹಸ್ಥರು ಮೂಗು ಹಿಡಿದುಕೊಂಡು ಬಂದು, "ಈಗ ಯಾರಿಗೆ ಹಲ್ಲುನೋವು?" ಎಂದು ವಿಚಾರಿಸಿದರು. ಒಳಗೆ ಕರೆದು ತೋರಿಸಿದೆವು. ಈ ಸಲ ತೇವ ಬಂದಿದೆಯೇ ಎಂದು ಕೇಳಲಿಲ್ಲ. ತಮ್ಮ ಅಜ್ಜನ ಊರಿನಲ್ಲೂ ಇಂಥದೇ ಒಂದು ಹಳ್ಳವಿತ್ತೆಂದು ಹೇಳಿ, ಕುರ್ಚಿ ಕೇಳಿ ಕುಳಿತರು.

ಗುಣದ ಮಾತಿಗೆ ಬಂದರೆ ಚಿತ್ರ ಚೆನ್ನಾಗಿಲ್ಲ. ಮನೆ ಒಂದು ಕಡೆ ವಾಲಿದೆ. ಹೊಗೆ ಮರದಿಂದ ಹೊರಟಂತಿದೆ. ಗೌರಿಯನ್ನು ಬರೆಯಲು ನಮಗೆ ಬಾರದೆ ಹಲಸಿನ ಬುಡದಲ್ಲಿ ಒಂದು ಕಂದು ಮುದ್ದೆಯನ್ನಿಟ್ಟು, ಅದನ್ನು ಗೌರಿಯೆಂದು ಎಲ್ಲರೂ ಒಪ್ಪಿಕೊಂಡಿದ್ದೇವೆ. ಇನ್ನೆರಡು ಪ್ರತಿಗಳನ್ನು ಬರೆಯಬೇಕಾಗಿದೆ; ದೊಡ್ಡಮ್ಮ ಒಂದನ್ನು ಕೇಳಿದ್ದಾಳೆ, ಸಂಕ ಎಡಕ್ಕಿರುವುದನ್ನು. ಮೂರನೆಯದು ಮಗಳಿಗೆ. ಅವಳದರಲ್ಲಿ ಸಂಕ ಎಲ್ಲಿರಬೇಕೆಂಬುದು ನಮ್ಮ ಈಗಿನ ಚಿಂತೆ.

ಆದ್ದರಿಂದ ಸಂಪಾದಕರ ಅಪ್ಪಣೆ ಪಡೆದು ಒಂದು ಬಿನ್ನಹ. ನಮ್ಮ ಸಂಘದ ಕುಟುಂಬಗಳಲ್ಲಿ ಶರಾವತಿಯ ಮುಳುಗಡೆ ಸೀಮೆಯಿಂದ ಬಂದ ಹಿರಿಯರು ಯಾರಾದರೂ ಇದ್ದು, 1964ಕ್ಕೆ ಮುಂಚೆ ಆ ದಂಡೆಯಲ್ಲಿ ಓಡಾಡಿದ ನೆನಪಿದ್ದರೆ, ದಯಮಾಡಿ ಒಂದು ಸಂಜೆ ಬಂದು ನೋಡಿ ಹೇಳಬೇಕು. ಹಳ್ಳದ ಭಾಗ ಇನ್ನೂ ಒದ್ದೆ ಇದೆ. ಏಳು ಗಂಟೆಯ ಮೇಲೆ ಬಂದರೆ ಅಮ್ಮ ಎಚ್ಚರವಾಗಿರುತ್ತಾಳೆ. ಗಾಂಧಿಬಾಗಿನಲ್ಲಿ ಮನೆ ಹುಡುಕುವುದು ಕಷ್ಟವಲ್ಲ. ಮೆಟ್ಟಿಲು ಹತ್ತುತ್ತ ಬನ್ನಿ, ಟರ್ಪೆಂಟೈನೂ ಲವಂಗವೂ ಒಟ್ಟಿಗೆ ಮೂಗಿಗೆ ಬಡಿದ ಕಡೆ ತಟ್ಟಿ.